ಕೋಟು ಸಾಹುಕಾರರದು, ರಕ್ತ ಬೀರಲಿಂಗಪ್ಪನದು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ನೋಡಿ ಮಾಲು ಕೊಳ್ಳುವವನನ್ನು ಯಾರೂ ವ್ಯಾಪಾರಿ ಎನ್ನುವುದಿಲ್ಲ. ಬಾಯಲ್ಲಿ ಯಾವಾಗಲೂ ಕೆಂಪನೆಯ, ನೆರಿಗೆ ನೆರಿಗೆಯಾದ, ಆಯ್ದಿಟ್ಟ ಕಾಯಿಗಳೇ ಇರುತ್ತವೆ. ಮೊಳಕೈತನಕ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆದಾಗಲೇ ರೈತ ಅದನ್ನು ಹೇಗೆ ಒಣಗಿಸಿದ, ಎಲ್ಲಿಟ್ಟ, ತೂಕ ಬರಲೆಂದು ಎಷ್ಟು ನೀರು ಚಿಮುಕಿಸಿದ ಎಂಬುದೆಲ್ಲ ಹೊರಬೀಳುವುದು. ವಿರೂಪಾಕ್ಷಪ್ಪನವರು ಈ ವಿದ್ಯೆಯಲ್ಲಿ ಹೆಸರು ಮಾಡಿದ ದಲಾಲರು. ಹಿಡಿ ಕಾಯನ್ನು ಅಂಗೈಯಲ್ಲಿ ಹರವಿ, ಕೆಂಪಿನ ನಡುವೆ ಬಿಳಿಚಿದವು ಯಾವ ಪ್ರಮಾಣದಲ್ಲಿ ಬಿದ್ದಿವೆ ಎಂದು ನೋಡಿ, "ನಿನ್ನ ಮನಿ ಹಿತ್ತಲ ಗ್ವಾಡಿ ತಂಪ ಹಿಡದೈತಿ, ಚೀಲಾ ಅದಕ್ಕ ಆನಿಸಿ ಇಟ್ಟೀದಿ" ಎಂದು ಎಂದೂ ಕಾಣದ ಗೋಡೆಯ ಸುದ್ದಿ ಹೇಳುತ್ತಿದ್ದರು. ರೈತ ತಲೆ ಕೆರೆದುಕೊಳ್ಳುತ್ತಿದ್ದ.

ಇಂಥ ಮನುಷ್ಯ ತಮ್ಮದೇ ರಕ್ತದ ಮಾತು ಬಂದಾಗ ಚೀಲದ ಬಾಯಿ ಸಿಂಗರಿಸಲು ಹೊರಟರು.

ಹೊರಡುವಂತೆ ಮಾಡಿದವರು ಹೆಂಡತಿ ಶಾರದವ್ವ. ಹಾವೇರಿಯಲ್ಲಿದ್ದ ಅವರ ಅಣ್ಣ ಹಬ್ಬದ ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತವರು ಕೂತಲ್ಲೇ ಹೋಗಿಬಿಟ್ಟಿದ್ದರು. ದಿನಕರ್ಮ ಮುಗಿಸಿ ಬಂದ ಶಾರದವ್ವ ಗಂಡನನ್ನು ಹೊಸದಾಗಿ ನೋಡತೊಡಗಿದರು. ಮುಂದೆ ಬಂದ ಹೊಟ್ಟೆ, ಮಾಳಿಗೆ ಮೆಟ್ಟಿಲು ಏರಿದರೆ ಬರುವ ಏದುಸಿರು, ಸಂಜೆ ಅಂಗಡಿಯಿಂದ ಬರುವಾಗ ಮೀಸೆಗೆ ಅಂಟಿಕೊಂಡು ಬರುವ ಮಿರ್ಚಿ ಭಜಿಯ ವಾಸನೆ. ರಾಣೆಬೆನ್ನೂರಿನಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಶ್ರೀದೇವಿಗೆ ಫೋನು ಹೋಯಿತು. ವಿರೂಪಾಕ್ಷಪ್ಪನವರ ಗೆಳೆಯನ ಮಗಳು ಆಕೆ, ಚಿಕ್ಕಂದಿನಿಂದ ಇವರನ್ನು ಕಾಕಾ ಎಂದು ಕರೆದು ಬೆಳೆದವಳು. ರಕ್ತದ ಎಲ್ಲ ಪರೀಕ್ಷೆ ಮಾಡಿಬಿಡೋಣ ಎಂದಳು.

ಗಂಡ ಹೆಂಡತಿಯ ನಡುವೆ ಕರಾರಾಯಿತು. ಕೊಬ್ಬಿನ ಅಂಶ ಹದ್ದಿನೊಳಗಿದ್ದರೆ ಶಾರದವ್ವ ಇನ್ನು ಮೇಲೆ ಅವರ ತಾಟಿನ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಹದ್ದು ಮೀರಿದ್ದರೆ ತುಪ್ಪದ ಗಿಂಡಿಯಿಂದ ಹಿಡಿದು ಮಿರ್ಚಿಯ ತನಕ ಎಲ್ಲ ಶಾರದವ್ವನ ಅಪ್ಪಣೆ.

ವಿರೂಪಾಕ್ಷಪ್ಪನವರಿಗೆ ತಮ್ಮ ರಕ್ತದ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ತುಪ್ಪ ಸುರಿದ ಶೇಂಗಾ ಹೋಳಿಗೆ, ಬೆಣ್ಣೆ ಹಚ್ಚಿದ ರೊಟ್ಟಿ, ದಿನಾ ಸಂಜೆಯ ಮಂಡಕ್ಕಿ ಮಿರ್ಚಿ. ಆ ರಕ್ತವನ್ನು ಕಾಗದದ ಮೇಲೆ ತೊಟ್ಟಿಕ್ಕಿದರೆ ಸುತ್ತ ಎಣ್ಣೆಯ ಕಲೆ ಬೀಳುತ್ತದೆಂದು ಅವರಿಗೇ ಅನುಮಾನವಿತ್ತು. ಹಾಗಾಗಿ ಅಂಗಡಿಯಲ್ಲಿ ಕೂತು ಸುತ್ತ ಕಣ್ಣಾಡಿಸಿದರು. ಚೀಲ ಹೊತ್ತು ಲಾರಿಗೆ ಹಚ್ಚಿದ ಹಲಗೆ ಏರುತ್ತಿದ್ದ ಬೀರಲಿಂಗಪ್ಪ ಕಂಡ.

ಬೀರಲಿಂಗಪ್ಪ ಅವರ ಅಂಗಡಿಯ ಹಳೆಯ ಹಮಾಲ, ಹೆಚ್ಚು ಕಡಿಮೆ ಅವರದೇ ವಯಸ್ಸು. ಮೈಮೇಲೆ ಚಿಟಿಕೆ ಹಿಡಿಯುವಷ್ಟು ಮಾಂಸವಿಲ್ಲ. ಗಲ್ಲ ಒಳಗೆ ಹೋಗಿ, ನರ ಹೊರಗೆ ಬಂದು, ಚೆನ್ನಾಗಿ ಬಿಸಿಲುಂಡ ಮೆಣಸಿನಕಾಯಿಯ ಹಾಗೆ ಇದ್ದ. ಇವನ ರಕ್ತದಲ್ಲಿ ಕೊಬ್ಬು ಸಿಕ್ಕರೆ ಕಲ್ಲಿನಲ್ಲೂ ಸಿಕ್ಕೀತು ಎಂದುಕೊಂಡರು. ವಿಷಯ ಹೇಳಿದಾಗ ಬೀರಲಿಂಗಪ್ಪ ಕೇಳಿದ್ದು ಒಂದೇ, ತೆಗೆದ ರಕ್ತ ಮತ್ತೆ ತುಂಬುತ್ತದೋ ಇಲ್ಲವೋ ಎಂದು. ತುಂಬುತ್ತದೆ, ಮಿರ್ಚಿ ತಿಂದರೆ ಇನ್ನೂ ಲಗೂ ತುಂಬುತ್ತದೆ ಎಂದು ಸಾಹುಕಾರರು ಭರವಸೆ ಕೊಟ್ಟರು. ರಾತ್ರಿ ಉಂಡ ಮೇಲೆ ಬೆಳಿಗ್ಗೆ ಏನೂ ತಿನ್ನದೆ ಬರಬೇಕೆಂದು ಎರಡೆರಡು ಸಲ ಹೇಳಿದರು.

ಸೋಮವಾರ ಪೇಟೆಯ ದಿನ, ಅಂಗಡಿ ಬಿಟ್ಟು ಬರಲಾಗದು ಎಂದು ಮನೆಯಲ್ಲಿ ನೆಪ ಹೇಳಿ, ರಕ್ತ ತೆಗೆಯುವವನನ್ನು ಅಂಗಡಿಗೇ ಕರೆಸಿಕೊಂಡರು. ರಾಣೆಬೆನ್ನೂರಿನಿಂದ ಬೈಕಿನ ಮೇಲೆ ಬಂದ ಶಹಬಾಜ ಒಳಗೆ ಕಾಲಿಟ್ಟಾಗ ಗಾದಿಯ ಮೇಲೆ, ಮುಚ್ಚುಕೊರಳಿನ ಕೋಟು ತೊಟ್ಟು, ಬಿಳಿ ಟೊಪ್ಪಿಗೆ ಇಟ್ಟು, ತಕ್ಕೆದಿಂಬಿಗೆ ಒರಗಲೂ ಧೈರ್ಯವಿಲ್ಲದೆ ಸೆಟೆದು ಕೂತಿದ್ದ ಮನುಷ್ಯ ಬೀರಲಿಂಗಪ್ಪ. ಬಾಗಿಲ ಬಳಿ ಚೀಲದ ಮೇಲೆ, ತಲೆಗೆ ಟವೆಲ್ಲು ಸುತ್ತಿ, ಇಸ್ತ್ರಿ ಮಾಡಿದ ಧೋತರದಲ್ಲಿ ಕುಕ್ಕರಿಸಿದ್ದ ಹಮಾಲ ವಿರೂಪಾಕ್ಷಪ್ಪ.

ಶಹಬಾಜ ಹೆಸರು ಕೇಳಿದ. ಗಾದಿಯ ಮೇಲಿನ ಸಾಹುಕಾರರು ತುಟಿ ಬಿಚ್ಚಲಿಲ್ಲ. ಮಾತಾಡಿದರೆ ಕೆಟ್ಟಿತು ಎಂದು ಮೊದಲೇ ಹೇಳಿಕೊಟ್ಟಾಗಿತ್ತು. ಬಾಗಿಲ ಹಮಾಲನೇ ಹೆಸರು, ವಯಸ್ಸು ಎಲ್ಲ ಹೇಳಿ, ಸೋಮವಾರ ನಮ್ಮ ಸಾಹುಕಾರರು ಮೌನ ಹಿಡಿಯುತ್ತಾರೆ ಎಂದು ವಿವರಿಸಿದ.

"ಪ್ಯಾಟಿ ದಿನಾನ ಮೌನ ಹಿಡದ್ರ ವ್ಯಾಪಾರ ಹೆಂಗ್ರಿ?" ಎಂದ ಶಹಬಾಜ.

"ಅದಕ್ಕ ಚಲೋ ನಡದೈತಿ," ಎಂದ ಹಮಾಲ.

ತೋಳಿಗೆ ಪಟ್ಟಿ ಬಿಗಿಯುವಾಗ ಶಹಬಾಜನ ಕಣ್ಣಿಗೆ ಆ ಅಂಗೈ ಬಿತ್ತು. ಸಾಹುಕಾರರ ಕೈ ಇಷ್ಟು ಗಡಸೇಕೆ ಎಂದು ಆಶ್ಚರ್ಯಪಟ್ಟ. ಕಾಯಿ ಮುರಿದು ಮುರಿದು ಹಾಗಾಗಿದೆ ಎಂದು ಬಾಗಿಲಿನಿಂದ ಉತ್ತರ ಬಂತು. ಸೂಜಿ ಚುಚ್ಚಿದಾಗ ಬೀರಲಿಂಗಪ್ಪ ಕಣ್ಣು ಮಿಟುಕಿಸಲಿಲ್ಲ. ಬಾಗಿಲಲ್ಲಿದ್ದವರು ಮಾತ್ರ ಮುಖ ಆ ಕಡೆ ತಿರುಗಿಸಿಕೊಂಡರು.

ಮರುದಿನ ಗಂಡ ಹೆಂಡತಿ ರಾಣೆಬೆನ್ನೂರಿಗೆ ಹೋದರು. ವಿರೂಪಾಕ್ಷಪ್ಪನವರು ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದರು. ಶ್ರೀದೇವಿಯ ಮೇಜಿನ ಮೇಲೆ ಒಂದು ಕಾಗದವಿತ್ತು. ರಕ್ತಕಣಗಳ ಎಣಿಕೆ ಅದರಲ್ಲಿ ಬಂದಿತ್ತು, ಕೊಬ್ಬಿನ ಲೆಕ್ಕ ಇನ್ನೂ ಬರಬೇಕಿತ್ತು. ಆಕೆ ಕಾಗದ ನೋಡಿದಳು, ಕಾಕಾನನ್ನು ನೋಡಿದಳು, ಮತ್ತೆ ಕಾಗದ ನೋಡಿದಳು. ಜ್ವರ ಬಂದಿತ್ತೇ, ನೆಗಡಿಯೇ, ಎಲ್ಲಾದರೂ ಗಾಯ, ಹಲ್ಲು ನೋವು ಏನಾದರೂ ಎಂದು ಕೇಳಿದಳು. ಏನೂ ಇಲ್ಲ ಎಂದರು ಕಾಕಾ.

"ಹಂಗಾರ ಇದು ನನಗ ಸರಿ ಕಾಣವಲ್ದು," ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಬಿಳಿ ರಕ್ತಕಣಗಳಲ್ಲೂ ಬೇರೆ ಬೇರೆ ಜಾತಿಗಳಿವೆ. ನ್ಯೂಟ್ರೊಫಿಲ್ ಎಂಬುದು ಒಂದು, ಲಿಂಫೊಸೈಟ್ ಎಂಬುದು ಇನ್ನೊಂದು. ಒಂದೊಂದರ ಎಣಿಕೆ ಬೇರೆ ಬೇರೆ ನೋಡಿದರೆ ಎರಡೂ ಹದ್ದಿನೊಳಗೇ ಇರಬಹುದು. ಒಂದಕ್ಕೆ ಇನ್ನೊಂದು ಯಾವ ಪ್ರಮಾಣದಲ್ಲಿದೆ ಎಂಬುದನ್ನು ನೋಡಬೇಕು. ಜ್ವರ ಗಾಯ ಯಾವುದೂ ಇಲ್ಲದೆ ಮೊದಲನೆಯದು ಎರಡನೆಯದನ್ನು ಬಹಳ ಮೀರಿ ನಿಂತಿದ್ದರೆ ಮೈಯೊಳಗೆ ಎಲ್ಲೋ ಸಣ್ಣಗೆ ಉರಿ ಹತ್ತಿದೆ ಎಂದು ಅನುಮಾನಿಸಬೇಕಾಗುತ್ತದೆ. ಇಂಥವರಲ್ಲಿ ಹಲವರಿಗೆ ರಕ್ತದ ಕೊಬ್ಬೂ ಏರುಪೇರಾಗಿರುವುದನ್ನು ವೈದ್ಯರು ನೋಡಿದ್ದಾರೆ. ಖಾತ್ರಿ ಅಲ್ಲ, ಸುಳಿವು ಮಾತ್ರ. ಖಾತ್ರಿ ಬೇಕೆಂದರೆ ಕೊಬ್ಬಿನ ಪರೀಕ್ಷೆಯೇ ಆಗಬೇಕು.

ಇದು ವಿರೂಪಾಕ್ಷಪ್ಪನವರಿಗೆ ಅರ್ಥವಾಗದ ಮಾತಾಗಿರಲಿಲ್ಲ. ಹಿಡಿಯಲ್ಲಿನ ಕೆಂಪು ಬಿಳಿ ನೋಡಿ ಗೋಡೆಯ ತಂಪು ಹೇಳುವವರು ಅವರು. ಆದರೂ ಮೀಸೆಯೊಳಗೆ ನಗುತ್ತಿದ್ದರು. ಆ ಕಡ್ಡಿಯಂಥವನ ಗೋಡೆಗೆ ಎಲ್ಲಿಯ ತಂಪು ಎಂಬ ಧೈರ್ಯ. ಅಷ್ಟರಲ್ಲಿ ಶ್ರೀದೇವಿಯ ಫೋನಿಗೆ ಎರಡನೆಯ ಲೆಕ್ಕವೂ ಬಂತು. ಆಕೆ ಅದನ್ನು ಮೇಲಿನಿಂದ ಕೆಳಗೆ ಓದಿದಳು. ಕೆಟ್ಟ ಕೊಲೆಸ್ಟರಾಲ್ ಬಹಳ ಮೇಲಿದೆ, ಒಳ್ಳೆಯದು ಬಹಳ ಕೆಳಗಿದೆ, ಇವತ್ತಿನಿಂದಲೇ ಗುಳಿಗೆ ಶುರುಮಾಡಬೇಕು ಎಂದಳು.

ಗೆದ್ದೆನೆಂದು ಶಾರದವ್ವ ಬೀಗುತ್ತಾರೆ ಎಂದುಕೊಂಡು ವಿರೂಪಾಕ್ಷಪ್ಪನವರು ಅತ್ತ ನೋಡಿದರು. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಕಣ್ಣು ತುಂಬಿತ್ತು. ರಕ್ತ ನನ್ನದಲ್ಲ ಎಂದು ಹೇಳಲು ಬಾಯಿ ತೆರೆದಿದ್ದ ಸಾಹುಕಾರರು ಅದನ್ನು ಮುಚ್ಚಿಕೊಂಡರು. ಅಳುವ ಹೆಂಡತಿಯ ಮುಂದೆ, ಕಾಕಾ ಎನ್ನುವ ಹುಡುಗಿಯ ಮುಂದೆ, ಹಮಾಲನಿಗೆ ಕೋಟು ತೊಡಿಸಿದ ಕತೆಯನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಬರುವಾಗ ದಾರಿಯಲ್ಲಿ ಹಾಡು ಇರಲಿಲ್ಲ.

ಮರುದಿನದಿಂದ ಅಂಗಡಿಗೆ ಬರುವ ಡಬ್ಬಿಯ ರೂಪವೇ ಬದಲಾಯಿತು. ಒಣರೊಟ್ಟಿ, ಬೇಯಿಸಿದ ಹೆಸರುಕಾಳು, ಒಗ್ಗರಣೆ ಎಂದರೇನೆಂದು ತಿಳಿಯದ ಬೇಳೆಯ ತಿಳಿ, ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಗುಳಿಗೆ. ವಿರೂಪಾಕ್ಷಪ್ಪನವರು ಡಬ್ಬಿಯನ್ನು ಮುಂದಿಟ್ಟುಕೊಂಡು ನ್ಯಾಯ ವಿಚಾರ ಮಾಡಿದರು. ಈ ಪಥ್ಯ ಯಾರ ರಕ್ತಕ್ಕೆ ಬರೆದದ್ದು? ಬೀರಲಿಂಗಪ್ಪನ ರಕ್ತಕ್ಕೆ. ಹಾಗಾದರೆ ಇದನ್ನು ತಾನು ತಿಂದರೆ ಅವನ ಪಾಲು ಕಸಿದಂತೆ. ತಕ್ಷಣ ಅವನನ್ನು ಕರೆದು, ಡಾಕ್ಟರು ಹೇಳಿದ ಶಕ್ತಿಯ ಊಟ ಎಂದು ಹೇಳಿ ಡಬ್ಬಿಯನ್ನೂ ಗುಳಿಗೆಯನ್ನೂ ಅವನ ಕೈಗಿತ್ತರು. ಬದಲಿಗೆ ಅವನ ಬುತ್ತಿ ಬಿಚ್ಚಿದರು. ಅವನ ಹೆಂಡತಿ ಭರಮವ್ವ ಕಟ್ಟಿಕೊಟ್ಟ ಬುತ್ತಿ. ಎಣ್ಣೆಯಲ್ಲಿ ಮುಳುಗಿದ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕರಿದ ಮೆಣಸಿನಕಾಯಿ. ದಿನವೂ ಹೀಗೇ ನಡೆಯಿತು. ಇಷ್ಟು ರುಚಿಯಾದ ಪ್ರಾಯಶ್ಚಿತ್ತ ಲೋಕದಲ್ಲಿ ಯಾರೂ ಮಾಡಿಕೊಂಡಿರಲಿಕ್ಕಿಲ್ಲ.

ಮನೆಯಲ್ಲಿ ಸಂಜೆಯ ಊಟ ಸಪ್ಪೆಯಾದರೂ ಮುಖ ಸಿಂಡರಿಸದೆ ಉಣ್ಣುತ್ತಿದ್ದರು. ಇಷ್ಟು ಸುಲಭಕ್ಕೆ ದಾರಿಗೆ ಬಂದರಲ್ಲ ಎಂದು ಶಾರದವ್ವ ಓಣಿಯವರ ಮುಂದೆಲ್ಲ ಹೊಗಳಿದರು.

ಆದರೆ ವಿರೂಪಾಕ್ಷಪ್ಪನವರ ಕಣ್ಣು ಈಗ ಬೀರಲಿಂಗಪ್ಪನನ್ನು ಬಿಟ್ಟು ಕದಲುತ್ತಿರಲಿಲ್ಲ. ಮೊದಲೂ ಅವನು ಕಣ್ಣೆದುರಿಗೇ ಇದ್ದ, ಆದರೆ ನೋಡಿರಲಿಲ್ಲ. ಚೀಲ ಹೊತ್ತು ಹಲಗೆಯ ನಡುವೆ ಬಂದವನು ನಿಂತುಬಿಡುತ್ತಿದ್ದ. ಚೀಲ ಇಳಿಸಿ ಎದೆಯನ್ನು ಅಂಗೈಯಿಂದ ತಿಕ್ಕಿಕೊಳ್ಳುತ್ತಿದ್ದ. ಏನೋ ಅದು ಎಂದು ಕೇಳಿದರೆ, "ಘಾಟು ರೀ ಸಾಹುಕಾರ್ರ" ಎನ್ನುತ್ತಿದ್ದ. ಬ್ಯಾಡಗಿಯಲ್ಲಿ ಇದು ಯಾರೂ ಎರಡನೆಯ ಪ್ರಶ್ನೆ ಕೇಳದ ಉತ್ತರ. ಪೇಟೆಯ ಹುಡಿಗೆ ಅಲ್ಲಿ ಎಲ್ಲರ ಎದೆಯೂ ಉರಿಯುತ್ತದೆ, ಎಲ್ಲರ ಮೂಗೂ ಸೋರುತ್ತದೆ. ವಿರೂಪಾಕ್ಷಪ್ಪನವರು ಮಾತ್ರ ಈಗ ಎರಡನೆಯದನ್ನು ತಮಗೆ ತಾವೇ ಕೇಳಿಕೊಂಡರು. ಘಾಟಾದರೆ ಕೆಮ್ಮು ಬರಬೇಕು, ಇವನು ಕೆಮ್ಮುವುದಿಲ್ಲ. ಘಾಟಾದರೆ ಕೂತಾಗಲೂ ಉರಿಯಬೇಕು, ಇವನಿಗೆ ಏರುವಾಗ ಬರುತ್ತದೆ, ಕೂತರೆ ಹೋಗುತ್ತದೆ. ಮಧ್ಯಾಹ್ನದ ಎಣಗಾಯಿಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಈ ಪೇಟೆ ಮುಗಿಯಲಿ, ದವಾಖಾನೆಗೆ ಕರೆದೊಯ್ದರಾಯಿತು ಎಂದುಕೊಂಡರು. ಒಂದು ಪೇಟೆ ಮುಗಿದರೆ ಇನ್ನೊಂದು ಬರುತ್ತಿತ್ತು. ಕರೆದೊಯ್ಯಬೇಕೆಂದರೆ ಕೋಟಿನ ಕತೆ ಹೇಳಬೇಕಿತ್ತು.

ಅವರು ಹೇಳುವ ಮೊದಲೇ ಭರಮವ್ವ ಬಂದಳು. ಪೇಟೆಯಿಲ್ಲದ ಒಂದು ಮಧ್ಯಾಹ್ನ, ಕೈಯಲ್ಲಿ ಅದೇ ಡಬ್ಬಿ ಹಿಡಿದು ನೆಟ್ಟಗೆ ಸಾಹುಕಾರರ ಮನೆಯ ಪಡಸಾಲೆಗೆ. ತೂಗುಮಂಚದ ಮೇಲಿದ್ದ ವಿರೂಪಾಕ್ಷಪ್ಪನವರು ಡಬ್ಬಿಯನ್ನು ಕಂಡವರೇ ಹಿತ್ತಲ ಕಡೆ ಕಾಲು ತೆಗೆದರು. ಬಾಗಿಲಲ್ಲಿ ಶಾರದವ್ವ ನಿಂತಿದ್ದರು.

"ಅಕ್ಕಾರ," ಎಂದಳು ಭರಮವ್ವ, "ನನ್ನ ಕೈ ಎಣಗಾಯಿ ಸಾಹುಕಾರ್ರಿಗೆ ಸೇರತೈತಿ ಅಂದ್ರ ನನಗೇನೂ ಬ್ಯಾಸರಿಲ್ರಿ, ದಿನಾ ಒಂದ ಬುತ್ತಿ ಜಾಸ್ತಿ ಕಟ್ಟತೇನಿ. ಆದ್ರ ನಿಮ್ಮನಿ ಈ ಬ್ಯಾಳಿ ನೀರು ಕುಡದು ನಮ್ಮಾಂವ ಚೀಲಾ ಹೆಂಗ ಹೊರಬೇಕ್ರಿ? ನಿನ್ನಿ ನಮ್ಮನಿ ಕಟ್ಟಿ ಏರಾಕ ಎರಡ ಸಲ ಕುಂತಾನ."

ಶಾರದವ್ವ ಡಬ್ಬಿಯನ್ನು ತಿರುಗಿಸಿ ನೋಡಿದರು. ಮುಚ್ಚಳದ ಮೇಲೆ ಅವರ ತವರಿನವರು ಕೊರೆಸಿದ ಹೆಸರಿತ್ತು. ಭರಮವ್ವ ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣ ತೆಗೆದಳು. ಶಕ್ತಿಯ ಗುಳಿಗೆಯೂ ಬೇಡ, ಇದನ್ನೂ ಇಟ್ಟುಕೊಳ್ಳಿ ಎಂದಳು.

"ಏನ್ರಿ ಇದು?" ಎಂದು ಶಾರದವ್ವ ಗಂಡನನ್ನು ಕೇಳಿದರು. ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು ಎಂದು ಸಾಹುಕಾರರಿಗನಿಸಿತು.

"ರಕ್ತ ನಂದಲ್ಲ," ಎಂದರು ವಿರೂಪಾಕ್ಷಪ್ಪ. "ಅವಂದು."

ಉಳಿದದ್ದನ್ನು ಗೋಡೆ ನೋಡುತ್ತ ಹೇಳಿದರು. ಕೋಟು, ಟೊಪ್ಪಿಗೆ, ಮೌನ, ಬುತ್ತಿ, ಹಲಗೆಯ ನಡುವೆ ಎದೆ ತಿಕ್ಕಿಕೊಳ್ಳುವುದು, ಎಲ್ಲ. ಭರಮವ್ವ ಅರ್ಧಕ್ಕೇ ಗಂಡನನ್ನು ಕರೆತರಲು ಹೊರಟು ನಿಂತಳು. ಶಾರದವ್ವ ಬೈಯಲಿಲ್ಲ. ಬೀರಲಿಂಗಪ್ಪ ಹೀಗೆ ಹಲಗೆಯ ನಡುವೆ ನಿಲ್ಲುವುದು ಎಷ್ಟು ದಿನದಿಂದ ಎಂದಷ್ಟೇ ಕೇಳಿ, ಉತ್ತರಕ್ಕೂ ಕಾಯದೆ ಶ್ರೀದೇವಿಗೆ ಫೋನು ಹಚ್ಚಿದರು. ಬೈಗುಳ ಎಲ್ಲಿಗೂ ಹೋಗುವುದಿಲ್ಲ, ಮನುಷ್ಯ ಹೋಗಬಹುದು ಎಂಬ ಲೆಕ್ಕ ಅವರದು.

ಒಂದು ತಾಸಿನಲ್ಲಿ ಬೀರಲಿಂಗಪ್ಪನೂ ಸೇರಿ ನಾಲ್ವರೂ ರಾಣೆಬೆನ್ನೂರಿನಲ್ಲಿದ್ದರು. ಶ್ರೀದೇವಿ ಬೀರಲಿಂಗಪ್ಪನನ್ನು ಮಲಗಿಸಿ ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದಳು. ಕಾಗದದ ಸುರುಳಿ ಹೊರಬರುತ್ತಿದ್ದಂತೆ ಅವಳ ಮುಖ ಗಂಭೀರವಾಯಿತು. ಹೃದಯಕ್ಕೆ ರಕ್ತ ಸಾಲುತ್ತಿಲ್ಲ, ಇವತ್ತೇ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ನಾಳೆ ಎನ್ನಬಾರದು ಎಂದಳು. ತಾನು ಪರೀಕ್ಷಿಸದ ಮನುಷ್ಯನಿಗೆ ಬೇರೆಯವನ ಚೀಟಿಯ ಗುಳಿಗೆ ನುಂಗಿಸಿದ್ದಕ್ಕೆ ಕಾಕಾನನ್ನು ನೋಡಿದ ನೋಟ ಒಂದಿತ್ತು, ಅದನ್ನು ಅವರು ಬಹಳ ದಿನ ಮರೆಯಲಿಲ್ಲ.

ಈಗ ಮೊಂಡು ಹಿಡಿದವನು ಬೀರಲಿಂಗಪ್ಪ. ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಂಡ.

"ಆವತ್ತಿನ ಕಾಗದದ ಮ್ಯಾಲ ಸಾಹುಕಾರ್ರ ಹೆಸರೈತಿ. ರೋಗ ಅವರದು," ಎಂದ. "ಅವರ ಕೋಟು ಒಂದು ಗಳಿಗಿ ತೊಟ್ಟಿದ್ದಕ್ಕ ನನ್ನ ತಲಿಗಿ ಕಟ್ಟಾಕತ್ತಾರ. ನಾ ಚೀಲಾ ಹೊರೂ ಮನಶಾ, ನನಗೆಲ್ಲಿ ಕೊಬ್ಬು? ನನಗಿರೂದು ಘಾಟು."

ಭರಮವ್ವ ಅತ್ತಳು, ಶಾರದವ್ವ ತಿಳಿಸಿ ಹೇಳಿದರು, ಶ್ರೀದೇವಿ ಇಸಿಜಿಯ ಗೆರೆಗಳನ್ನು ತೋರಿಸಿದಳು. ಅವನು ಜಗ್ಗಲಿಲ್ಲ. ಕೊನೆಗೆ ಆಕೆ, ನಿನ್ನ ಹೆಸರಿನಲ್ಲೇ ರಕ್ತ ಕೊಡು, ಕಣಗಳ ಎಣಿಕೆ ಇಲ್ಲೇ ಸ್ವಲ್ಪ ಹೊತ್ತಿನಲ್ಲಿ ಆಗುತ್ತದೆ ಎಂದಳು. ಕೊಟ್ಟ. ಯಂತ್ರದಿಂದ ಬಂದ ಕಾಗದವನ್ನು ಹಳೆಯದರ ಪಕ್ಕದಲ್ಲಿಟ್ಟಳು. ಎರಡು ಜಾತಿಯ ಕಣಗಳ ಪ್ರಮಾಣ ಹೆಚ್ಚು ಕಡಿಮೆ ಅದೇ ಆಗಿತ್ತು. ಆದರೆ ಅಂಕಿಗಳೆಂದರೆ ಬೀರಲಿಂಗಪ್ಪನಿಗೆ ಇರುವೆಯ ಸಾಲು. ಅವನು ಚಪ್ಪಲಿ ಹುಡುಕತೊಡಗಿದ.

ವಿರೂಪಾಕ್ಷಪ್ಪನವರು ಅಲ್ಲಿಯತನಕ ಮೂಲೆಯಲ್ಲಿ ನಿಂತಿದ್ದವರು ಮುಂದೆ ಬಂದು ಅವನ ಪಕ್ಕದಲ್ಲಿ ಕೂತರು.

"ಬೀರಲಿಂಗ, ಒಂದ ರಾಶಿಯೊಳಗ ತಿಂಗಳ ಬಿಟ್ಟು ಎರಡ ಸಲ ಕೈ ಹಾಕಿದ್ವಿ. ಎರಡೂ ಹಿಡಿಯೊಳಗ ಕೆಂಪಿಗೆ ಬಿಳಿ ಅಷ್ಟಕ್ಕಷ್ಟ ಬಂತು. ಏನಂತಿ?"

ಬೀರಲಿಂಗಪ್ಪ ಯೋಚಿಸಿದ. "ರಾಶಿ ಒಂದ ಅಂತೇನಿ."

"ಹಿಡಿ ಮ್ಯಾಲಿಂದಲ್ಲ, ನಡುವಿಂದು. ಒಳಗ ತಂಪ ಐತೋ ಇಲ್ಲೋ?"

ಅವನು ಚಪ್ಪಲಿ ಹುಡುಕುವುದನ್ನು ಬಿಟ್ಟ. ಕೈ ತನ್ನಷ್ಟಕ್ಕೆ ಎದೆಯ ಮೇಲೆ ಹೋಗಿತ್ತು.

"ನಾ ನಿನ್ನ ಚೀಲದ ಬಾಯಿ ನೋಡಿ ಮೋಸ ಹ್ವಾದೆ," ಎಂದರು ಸಾಹುಕಾರರು. "ಒಣಗಿದ್ದಿ, ಗಟ್ಟಿ ಅದಿ, ಒಳಗ ಎಲ್ಲಾ ಚಲೋ ಅಂದ್ಕೊಂಡೆ. ಇಷ್ಟ ವರ್ಷ ಪ್ಯಾಟಿ ಮಾಡಿ ಇಂಥಾ ಖರೀದಿ ಎಂದೂ ಮಾಡಿರಲಿಲ್ಲ. ನೀ ದಾವಣಗೆರಿಗೆ ನಡಿ. ನಾನೂ ಬರ್ತೇನಿ."

ಬೀರಲಿಂಗಪ್ಪ ಸಾಹುಕಾರರ ಕಡೆ ತಿರುಗಿ ಕೂತ. ಆಮೇಲೆ ಅವನ ಮುಖದಲ್ಲಿ, ಈ ಎಲ್ಲದರ ನಡುವೆಯೂ, ಒಂದು ತುಂಟತನ ಕಾಣಿಸಿತು.

"ಬರ್ತೇನ್ರಿ. ಆದ್ರ ನಿಮ್ಮ ಸಲುವಾಗಿ ನಾ ಒಮ್ಮಿ ಕೊಟ್ಟೇನಿ. ಈಗ ನೀವ ನಿಮ್ಮ ಸಲುವಾಗಿ ಕೊಡ್ರಿ. ನಾ ಇಲ್ಲೇ ಕುಂತು ನೋಡಿ ಹೊಂಡತೇನಿ."

ಶಾರದವ್ವ ಗಂಡನ ಎಡತೋಳು ಹಿಡಿದು ಅಂಗಿಯನ್ನು ಮೇಲಕ್ಕೆ ಸರಿಸಿದರು. ಹಿಡಿದ ಹಿಡಿತ ದನ ಕಟ್ಟುವಂತಿತ್ತು. ವಿರೂಪಾಕ್ಷಪ್ಪನವರು ಕಣ್ಣು ಮುಚ್ಚಿದರು. ಸೂಜಿ ಇನ್ನೂ ದೂರವಿದ್ದಾಗಲೇ ಉಸಿರೆಳೆದರು. ಬೀರಲಿಂಗಪ್ಪ ಬಗ್ಗಿ ಪೂರ್ತಿ ನೋಡಿ, ಸಮಾಧಾನವಾಗಿ, ತಾನೇ ಎದ್ದು ಹೊರಗೆ ನಡೆದ.

ಗಾಡಿ ಬರುವಷ್ಟರಲ್ಲಿ ಸಾಹುಕಾರರ ಕಣಗಳ ಎಣಿಕೆಯೂ ಬಂತು. ಪ್ರಮಾಣ ನೆಟ್ಟಗಿದೆ ಎಂದಳು ಶ್ರೀದೇವಿ. ಅವರ ಮುಖ ಹಬ್ಬದ ಬೆಳಗಿನಂತಾಯಿತು. ಹಾಗಾದರೆ ತನಗೇನೂ ಇಲ್ಲ, ಗೋಡೆ ಒಣಗಿದೆ, ಎಣಗಾಯಿ ತಿಂದರೂ ಒಣಗಿದೆ ಎಂದು ಹೆಂಡತಿಗೆ ಕೇಳಿಸುವಂತೆ ಹೇಳಿದರು.

"ಕಾಕಾ, ಅದು ಬರೇ ಸುಳಿವು ಅಂತ ಆವತ್ತೂ ಹೇಳೇನಿ," ಎಂದಳು ಆಕೆ. "ಪ್ರಮಾಣ ನೆಟ್ಟಗಿದ್ದವರಿಗೂ ಕೊಬ್ಬು ಇರತೈತಿ. ಉಂಡ ಮ್ಯಾಲಿನ ರಕ್ತ ಆದ್ರೂ ಅಂದಾಜು ಸಿಗತೈತಿ. ಆ ಲೆಕ್ಕ ಲಗೂ ಮಾಡಸ್ತೇನಿ, ಬಂದ ಕೂಡ್ಲೆ ಫೋನ್ ಮಾಡತೇನಿ."

ಗಾಡಿಯ ಮುಂದಿನ ಸೀಟಿನಲ್ಲಿ, ರೋಗಿ ಎಂಬ ಕಾರಣಕ್ಕೆ, ಬೀರಲಿಂಗಪ್ಪ ಕೂತ. ಹಿಂದೆ ಇಬ್ಬರು ಹೆಂಗಸರ ನಡುವೆ ವಿರೂಪಾಕ್ಷಪ್ಪ ಇರುಕಿಕೊಂಡರು. ಅವರ ತಲೆಯ ಮೇಲಿಂದಲೇ ಇಬ್ಬರೂ ಮಾತಾಡಿಕೊಂಡರು. ಎಣ್ಣೆ ಎಷ್ಟು ಹಾಕಿದರೆ ಎಣಗಾಯಿ ಎಣಗಾಯಿಯಾಗಿ ಉಳಿಯುತ್ತದೆ, ಬೇಳೆಗೆ ಬೆಳ್ಳುಳ್ಳಿ ಸುಟ್ಟು ಹಾಕಿದರೆ ಒಗ್ಗರಣೆಯಿಲ್ಲದೆಯೂ ಹೇಗೆ ಇಳಿಯುತ್ತದೆ ಎಂದು ಭರಮವ್ವ ಶಾರದವ್ವನಿಗೆ ಕಲಿಸುತ್ತಿದ್ದಳು. ಕುಮಾರಪಟ್ಟಣದ ಕಾರ್ಖಾನೆಯ ಹೊಗೆ ಕಂಡಾಗ, ಉಸಿರು ಹೇಗಿದೆ ಎಂದು ಸಾಹುಕಾರರು ಮುಂದೆ ಬಗ್ಗಿ ಕೇಳಿದರು. ಈಗ ಚಲೋ ಐತ್ರಿ ಎಂದ ಬೀರಲಿಂಗಪ್ಪ. ಚಲೋ ಇರುವುದು ಏರಲು ಇಲ್ಲಿ ಹಲಗೆ ಇಲ್ಲದ್ದಕ್ಕೆ ಎಂದು ಅವರು ಒಳಗೊಳಗೇ ಹೆದರಿದರು. ಲಗೂ ಹೊಡಿ ಎಂದು ಚಾಲಕನ ಭುಜ ತಟ್ಟಿದರು.

ತುಂಗಭದ್ರೆಯ ಸೇತುವೆಯ ಮೇಲೆ ಸಾಹುಕಾರರ ಫೋನು ರಿಂಗಣಿಸಿತು. ಅವರು ಜೇಬಿಗೆ ಕೈ ಹಾಕುವಷ್ಟರಲ್ಲಿ ಶಾರದವ್ವ ತೆಗೆದುಕೊಂಡು ಕಿವಿಗಿಟ್ಟರು. ಹೂಂ ಎಂದರು. ಸ್ವಲ್ಪ ಹೊತ್ತು ಕೇಳಿ ಇನ್ನೊಮ್ಮೆ ಹೂಂ ಎಂದರು. ಆಮೇಲೆ ಫೋನನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡು ಹೊಳೆ ನೋಡುತ್ತ ಕೂತರು.

ವಿರೂಪಾಕ್ಷಪ್ಪನವರು ಹೊಳೆ ದಾಟುವತನಕ ತಡೆದರು.

"ಏನಂದ್ಲು?"

"ಮೊದಲ ಅವನ್ನ ಉಳಿಸಿಕೊಂಡ ಬರೂಣು," ಎಂದರು ಶಾರದವ್ವ. "ನಿಮ್ಮದು, ತುಪ್ಪದ ಗಿಂಡಿದು, ಮನಿಗೆ ಹ್ವಾದ ಮ್ಯಾಲ ಐತಿ."

ಮುಂದಿನ ಸೀಟಿನಲ್ಲಿ ಬೀರಲಿಂಗಪ್ಪನ ಭುಜ ಅಲುಗಿತು. ನೋವಿಗೆಂದು ಹೆದರಿ ಭರಮವ್ವ ಅವನ ಮುಖ ತಿರುಗಿಸಿ ನೋಡಿದಳು. ಅವನು ನಗುತ್ತಿದ್ದ.